ಪೋಷಕ ನಟ

ಇಂಗ್ಲಿಷಿನವರು ‘ಕ್ಯಾರೆಕ್ಟರ್ ಆಕ್ಟರ್’ ಎಂದೋ ‘ಸಪೋರ್ಟಿಂಗ್ ಆಕ್ಟರ್’ ಎಂದೋ ಕರೆಯುವವರನ್ನು ನಾವು ಕನ್ನಡದಲ್ಲಿ ಪೋಷಕ ನಟರೆನ್ನುತ್ತೇವೆ. ಈ ಪದವನ್ನು ಬಳಕೆಗೆ ತಂದ ಪುಣ್ಯಾತ್ಮರಿಗೆ ಒಂದು ನಮಸ್ಕಾರ ಸಲ್ಲಬೇಕು. ಇಂಗ್ಲಿಷಿನ ಮಾತಿನಲ್ಲಿ ಕೇವಲ ಆಸರೆ ಕೊಡುವ ಕಂಬದ ಭಾವವಿದೆ. ನಮ್ಮದರಲ್ಲಿ ಸಾಕಿ ಸಲಹುವ ಭಾವವಿದೆ. ಮಕ್ಕಳ ಅಂಕಪಟ್ಟಿಯ ಕೆಳಗೆ ರುಜು ಹಾಕುವವರೂ ಪೋಷಕರೇ. ಆದರೆ ಗೌರವವೆಲ್ಲ ಪದದಲ್ಲಿಯೇ ಉಳಿಯಿತೆಂದು ತೋರುತ್ತದೆ. ‘ಈ ಚಿತ್ರದಲ್ಲಿ ಪೋಷಕ ನಟರು ಯಾರು?’ ಎಂದು ವಿಚಾರಿಸಿಕೊಂಡು ಚಿತ್ರಮಂದಿರಕ್ಕೆ ಹೊರಟವರನ್ನು ನಾನಂತೂ ಕಂಡಿಲ್ಲ.

ರಂಗಭೂಮಿಯವರಲ್ಲಿ ಒಂದು ಮಾತಿದೆ: ಚಿಕ್ಕ ಪಾತ್ರವೆಂಬುದಿಲ್ಲ, ಚಿಕ್ಕ ನಟರಿದ್ದಾರೆ, ಅಷ್ಟೆ ಎಂದು. ಇದನ್ನು ನಾನೂ ಎಷ್ಟೋ ವಿದ್ಯಾರ್ಥಿಸಂಘಗಳ ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಚೆಗೆ ಅದರ ವಿಷಯದಲ್ಲಿ ನನಗೆ ಸಂಶಯ ಹುಟ್ಟಿದೆ. ಹುಟ್ಟಿಸಿದವನು ಹ್ಯಾರಿ ಡೀನ್ ಸ್ಟ್ಯಾಂಟನ್ ಎಂಬ ಅಮೆರಿಕದ ನಟ. ೧೯೨೬ರಲ್ಲಿ ಹುಟ್ಟಿ, ೨೦೧೭ರ ಸೆಪ್ಟೆಂಬರಿನಲ್ಲಿ ತನ್ನ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡವನು.

ಪರಿಚಯವಾದದ್ದು ಹೀಗೆ. ಒಂದು ಭಾನುವಾರ ನನ್ನ ಮಗ ತನ್ನ ಕಂಪ್ಯೂಟರಿನಲ್ಲಿ ‘ದಿ ಸ್ಟ್ರೇಟ್ ಸ್ಟೋರಿ’ ಎಂಬ ೧೯೯೯ರ ಚಿತ್ರವನ್ನು ನೋಡುತ್ತಿದ್ದ. ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಆಲ್ವಿನ್ ಎಂಬ ಮುದುಕ. ತಮ್ಮ ಅಣ್ಣತಮ್ಮಿಕೆಯಲ್ಲಿ ಮುನಿಸು ಬಿದ್ದು ವರ್ಷಗಳೇ ಆಗಿವೆ. ಸೋದರನಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬರುತ್ತದೆ. ಕಾರು ನಡೆಸಲು ಕಣ್ಣು ಸಾಲದು. ಇನ್ನೊಬ್ಬರ ಹಂಗಿಗೆ ಬೀಳಲು ಮನಸ್ಸಿಲ್ಲ. ಹುಲ್ಲು ಕತ್ತರಿಸುವ ಪುಟ್ಟ ಯಂತ್ರವೊಂದರ ಮೇಲೆ ಕುಳಿತು ಐಯೋವಾದಿಂದ ವಿಸ್ಕಾನ್ಸಿನ್‌ವರೆಗೆ ಇನ್ನೂರ ನಲವತ್ತು ಮೈಲಿ ಹೊರಡುತ್ತಾನೆ. ನಿಜವಾಗಿ ನಡೆದ ಕಥೆ ಇದು. ಚಿತ್ರದ ಉದ್ದಕ್ಕೂ ನಾವು ಕಾಯುವುದು ಆ ಸೋದರನನ್ನು. ಕಡೆಗೆ ಹಳೆಯ ಮರದ ಮನೆಯೊಂದರ ಬಾಗಿಲು ತೆರೆದು, ಊರುಗೋಲಿನ ಚೌಕಟ್ಟನ್ನು ಹಿಡಿದು, ಒಬ್ಬ ಬಡಕಲು ಮುದುಕ ಹೊರಗೆ ಬರುತ್ತಾನೆ. ಕುಳಿತುಕೊಳ್ಳುತ್ತಾನೆ. ಅಂಗಳದಲ್ಲಿ ನಿಂತ ಯಂತ್ರವನ್ನು ನೋಡುತ್ತಾನೆ. ನನ್ನನ್ನು ನೋಡಲು ಅದರ ಮೇಲೆ ಬಂದೆಯಾ ಎಂದು ಕೇಳುತ್ತಾನೆ. ಅವನ ಕಣ್ಣು ತುಂಬುತ್ತದೆ. ಚಿತ್ರ ಮುಗಿಯಿತು.

‘ಅಪ್ಪ, ಇಷ್ಟಕ್ಕೇ ಇವನನ್ನು ಕರೆಸಿದರೇ?’ ಎಂದ ಮಗ.

ಕೆಲವೇ ನಿಮಿಷದ ಪಾತ್ರ. ಅದು ಸುಳ್ಳಾಗಿದ್ದರೆ ಇನ್ನೂರ ನಲವತ್ತು ಮೈಲಿಯೂ ಸುಳ್ಳಾಗುತ್ತಿತ್ತು. ಮಗ ಆತನ ಚಿತ್ರಗಳ ಪಟ್ಟಿಯನ್ನು ತೆಗೆದ. ನೂರಕ್ಕೂ ಮೀರಿದ ಪಟ್ಟಿ. ಬಹುಮಟ್ಟಿಗೆ ಎಲ್ಲವೂ ಕೆಳಗಿನ ಸಾಲಿನ ಹೆಸರೇ.

ಕೆಂಟಕಿ ಸಂಸ್ಥಾನದ ವೆಸ್ಟ್ ಅರ್ವಿನ್ ಎಂಬ ಸಣ್ಣ ಊರು ಆತನದು. ತಂದೆ ಹೊಗೆಸೊಪ್ಪಿನ ಬೇಸಾಯಗಾರ, ಜೊತೆಗೆ ಕ್ಷೌರಿಕ. ಎರಡನೆಯ ಮಹಾಯುದ್ಧದಲ್ಲಿ ಹುಡುಗ ನೌಕಾಪಡೆ ಸೇರಿದ. ಓಕಿನಾವಾ ಕದನದ ಸಮಯದಲ್ಲಿ ಒಂದು ಹಡಗಿನಲ್ಲಿ ಅಡಿಗೆಯವನಾಗಿದ್ದ. ಆ ಮಹಾಯುದ್ಧದ ನಾಟಕದಲ್ಲಿಯೂ ಅವನಿಗೆ ಸಿಕ್ಕಿದ್ದು ಪೋಷಕ ಪಾತ್ರವೇ ಎಂದರೆ ಓದುಗರು ನಗಬಾರದು. ಯುದ್ಧ ಮುಗಿದ ಮೇಲೆ ಕೆಂಟಕಿ ವಿಶ್ವವಿದ್ಯಾಲಯ. ಅಲ್ಲಿ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕದಲ್ಲಿ ಕಸ ಹೊರುವ ಡೂಲಿಟಲ್‌ನ ವೇಷ ಹಾಕಿ, ಅದರ ರುಚಿ ಹತ್ತಿ, ಓದನ್ನು ಅಲ್ಲಿಗೇ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ. ೧೯೫೦ರ ದಶಕದ ನಡುವಿನಲ್ಲಿ ಕ್ಯಾಮೆರಾದ ಮುಂದೆ ಬಂದ. ಆಗ ಹ್ಯಾರಿ ಸ್ಟ್ಯಾಂಟನ್ ಎಂಬ ಇನ್ನೊಬ್ಬ ನಟನಿದ್ದುದರಿಂದ ಈತ ಬಹಳ ಕಾಲ ತನ್ನ ಹೆಸರಿನ ಮೊದಲ ಭಾಗವನ್ನೇ ಬಿಟ್ಟುಕೊಟ್ಟು ‘ಡೀನ್ ಸ್ಟ್ಯಾಂಟನ್’ ಆಗಿ ಕೆಲಸ ಮಾಡಬೇಕಾಯಿತು. ಹೆಸರಿಗೂ ಜಾಗ ಸಾಲದ ಬದುಕು.

ಮುಂದಿನ ಹತ್ತು ಹನ್ನೆರಡು ವರ್ಷ ದೂರದರ್ಶನದ ಕುದುರೆ ಸವಾರರ ಕಥೆಗಳು. ಒಳಗುಳಿದ ಕೆನ್ನೆ, ನಿದ್ದೆಗೆಟ್ಟ ಕಣ್ಣು. ಇಂಥ ಮುಖದವನಿಗೆ ಕಳ್ಳನ ಪಾತ್ರವಲ್ಲದೆ ಮತ್ತೇನು ಸಿಕ್ಕೀತು? ಬರುವುದು, ಕೆಡುಕು ಮಾಡುವುದು, ನಾಯಕನ ಗುಂಡಿಗೆ ಬೀಳುವುದು. ೧೯೬೬ರ ‘ರೈಡ್ ಇನ್ ದಿ ವರ್ಲ್‌ವಿಂಡ್’ ಚಿತ್ರಕ್ಕೆ ಕಥೆ ಬರೆದವನು ಆತನ ಗೆಳೆಯ ಜ್ಯಾಕ್ ನಿಕೊಲ್ಸನ್. ನೀನು ಏನನ್ನೂ ಮಾಡಬೇಡ, ನಿನ್ನ ಉಡುಪೇ ಪಾತ್ರವನ್ನು ಮಾಡಲಿ ಎಂದು ಅವನು ಹೇಳಿದ ಬುದ್ಧಿಮಾತೇ ತನ್ನ ನಟನೆಯ ತಿರುವು ಎಂದು ಸ್ಟ್ಯಾಂಟನ್ ಕಡೆಯವರೆಗೂ ನೆನೆಯುತ್ತಿದ್ದ. ಅಲ್ಲಿಂದ ಮುಂದೆ ಆತ ನಟಿಸುತ್ತಿದ್ದಾನೆಂದು ತಿಳಿಯುವುದೇ ಕಷ್ಟ. ೧೯೬೭ರ ‘ಕೂಲ್ ಹ್ಯಾಂಡ್ ಲ್ಯೂಕ್’ನಲ್ಲಿ ನಾಯಕ ಪಾಲ್ ನ್ಯೂಮನ್, ಈತ ಗಿಟಾರು ಹಿಡಿದು ಭಜನೆಯ ಪದ ಹಾಡುವ ಕೈದಿ. ೧೯೭೯ರ ‘ಏಲಿಯನ್’ನಲ್ಲಿ ಆಕಾಶನೌಕೆಯ ಯಂತ್ರದ ಕೋಣೆಯ ಆಳು. ಜೊತೆಗಾರ ಏನೆಂದರೂ ‘ಸರಿ’ ಎನ್ನುವುದೇ ಅವನ ಮಾತು. ಅವರಿಬ್ಬರ ಮುಖ್ಯ ದೂರು ಏನೆಂದರೆ, ಲಾಭದಲ್ಲಿ ತಮ್ಮ ಪಾಲು ಉಳಿದವರ ಪಾಲಿಗಿಂತ ಕಡಿಮೆ ಎಂಬುದು. ಅವನು ಸಾಯುವುದೂ ವೀರಮರಣವಲ್ಲ, ತಪ್ಪಿಸಿಕೊಂಡ ಬೆಕ್ಕನ್ನು ಹುಡುಕಲು ಹೋಗಿ. ಆದರೂ ಆ ರಾಕ್ಷಸನಿಗಿಂತ ಹೆಚ್ಚಾಗಿ ನನಗೆ ನೆನಪಿರುವುದು ಈ ಪಾಲಿನ ಜಗಳವೇ. ನಕ್ಷತ್ರಲೋಕದಲ್ಲಿಯೂ ಕೂಲಿಯ ತಕರಾರು!

ರೋಜರ್ ಈಬರ್ಟ್ ಎಂಬ ಅಮೆರಿಕದ ವಿಮರ್ಶಕ ಒಂದು ನಿಯಮವನ್ನೇ ಮಾಡಿದ್ದ: ಹ್ಯಾರಿ ಡೀನ್ ಸ್ಟ್ಯಾಂಟನ್ ಆಗಲಿ, ಎಂ. ಎಮೆಟ್ ವಾಲ್ಷ್ ಆಗಲಿ ಪೋಷಕ ಪಾತ್ರದಲ್ಲಿರುವ ಯಾವ ಚಿತ್ರವೂ ಪೂರ್ತಿ ಕೆಟ್ಟದ್ದಾಗಿರಲಾರದು ಎಂದು. ಈ ನಿಯಮವೂ ಮುರಿದುಬಿತ್ತೆಂದು ಮುಂದೆ ಆತನೇ ಒಪ್ಪಿಕೊಳ್ಳಬೇಕಾಯಿತು. ಆ ಮಾತು ಬೇರೆ.

ಇಲ್ಲಿ ನನ್ನ ಸ್ವಂತ ವಿಷಯವನ್ನು ಸ್ವಲ್ಪ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುವಲ್ಲಿ ವಿಭಾಗದ ಮುಖ್ಯಸ್ಥನ ಸ್ಥಾನ ನನ್ನನ್ನು ದಾಟಿ ಕಿರಿಯರೊಬ್ಬರಿಗೆ ಹೋಯಿತು. ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಇಲ್ಲಿ ಬೇಡ. ಅನ್ಯಾಯವೆಂದೇ ನಾನು ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ. ಆ ವರ್ಷ ನಾನು ಪಾಠ ಹೇಳಲಿಲ್ಲ, ಟಿಪ್ಪಣಿ ಬರೆಸಿದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತ ದ್ರೋಣನಿಗೆ, ದುಶ್ಶಾಸನನಿಗೆ, ಕರ್ಣನಿಗೆ ಅಳುವ ಭಾಗ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ದುರ್ಯೋಧನನ ಅಳುವೆಲ್ಲ ಇಲ್ಲಿದೆ. ಜೊತೆಯಲ್ಲಿ ಸಂಜಯನೂ ನಡೆಯುತ್ತಿದ್ದಾನಲ್ಲ. ಸತ್ತವರೆಲ್ಲ ಅವನಿಗೂ ಗೊತ್ತಿದ್ದವರೇ. ಅವನಿಗೆ ಅಳು ಬರಲಿಲ್ಲವೇ?’ ಎಂದ. ನಾನು, ‘ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ’ ಎಂದೆ. ಹುಡುಗ ಕುಳಿತ. ನನಗೆ ಬರಬೇಕಾದದ್ದು ಬರಲಿಲ್ಲ, ಆದ್ದರಿಂದ ನಾನು ಕೊಡಬೇಕಾದದ್ದನ್ನು ಕೊಡಬೇಕಾಗಿಲ್ಲ ಎಂಬ ಲೆಕ್ಕ ಅಂದು ನನಗೆ ಬಹಳ ನ್ಯಾಯವಾಗಿಯೇ ಕಂಡಿತ್ತು.

ಈ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ಕೇಳಿದರೆ ದೊಡ್ಡವರು ಕೊಡುವ ಉತ್ತರ ಸಿದ್ಧವಾಗಿದೆ: ತೃಪ್ತಿ ಇರಬೇಕು; ಪಾಲಿಗೆ ಬಂದದ್ದನ್ನು ಪಂಚಾಮೃತವೆಂದು ತಿಳಿಯಬೇಕು; ಸ್ವಧರ್ಮವನ್ನು ಬಿಡಬಾರದು. ಚಿಕ್ಕ ಪಾತ್ರವೆಂಬುದಿಲ್ಲ ಎನ್ನುವುದೂ ಇದೇ ಉಪದೇಶದ ಇನ್ನೊಂದು ರೂಪ. ಈ ಉಪದೇಶವನ್ನು ಮಾಡುವವರು ಯಾರು ಎಂಬುದನ್ನು ಗಮನಿಸಿ. ಕಿರೀಟ ಹೊತ್ತವನು ಭರ್ಜಿ ಹಿಡಿದು ನಿಂತವನಿಗೆ ಹೇಳುತ್ತಾನೆ. ಭರ್ಜಿಯವನು ಕಿರೀಟದವನಿಗೆ ಹೇಳಿದ್ದನ್ನು ಕೇಳಿದವರಿಲ್ಲ. ಚಿಕ್ಕ ಪಾತ್ರ ಇದ್ದೇ ಇದೆ. ಅದಕ್ಕೆ ಸಂಬಳ ಕಡಿಮೆ, ಹೆಸರು ಕಡಿಮೆ, ಅದನ್ನು ಮಾಡುವವನ ನೋವನ್ನು ಕೇಳುವವರೂ ಕಡಿಮೆ. ಇಲ್ಲವೆಂದು ಹೇಳುವುದು ಅವನ ಬಾಯಿ ಮುಚ್ಚಿಸುವ ಸುಲಭೋಪಾಯ.

ಸ್ಟ್ಯಾಂಟನ್ ತೃಪ್ತನಾಗಿರಲಿಲ್ಲ. ನನ್ನ ಮಟ್ಟಿಗೆ ಆತನ ಬದುಕಿನಲ್ಲಿ ಮುಖ್ಯವಾದ ಸಂಗತಿಯೇ ಇದು. ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ಫೆ ನಗರದ ಒಂದು ಪಾನಗೃಹದಲ್ಲಿ ನಾಟಕಕಾರ ಸ್ಯಾಮ್ ಷೆಪರ್ಡ್ ಜೊತೆಗೆ ಕುಳಿತು ಕುಡಿಯುತ್ತ ಆತ ತನ್ನ ಬೇಸರವನ್ನು ತೋಡಿಕೊಂಡ. ಮಾಡುತ್ತ ಬಂದ ಪಾತ್ರಗಳು ಸಾಕಾಗಿವೆ. ಸ್ವಲ್ಪ ಸೌಂದರ್ಯವಿರುವ, ಸೂಕ್ಷ್ಮವಾದ ಏನನ್ನಾದರೂ ಮಾಡಬೇಕೆಂಬ ಆಸೆ ಎಂದ. ಕಾಲು ಶತಮಾನ ಕಳ್ಳಕಾಕರ ವೇಷ ಹಾಕಿದವನ ಒಡಲ ಮಾತು. ಷೆಪರ್ಡ್ ಆಗ ಒಂದು ಚಿತ್ರಕಥೆ ಬರೆಯುತ್ತಿದ್ದ. ಅದರ ನಾಯಕನನ್ನಾಗಿ ತನ್ನನ್ನೇ ಕರೆದಾರೆಂದು ಸ್ಟ್ಯಾಂಟನ್ ಎಣಿಸಿರಲಿಲ್ಲ.

ಅದು ವಿಮ್ ವೆಂಡರ್ಸ್ ನಿರ್ದೇಶಿಸಿದ ‘ಪ್ಯಾರಿಸ್, ಟೆಕ್ಸಾಸ್’. ೧೯೮೪ರಲ್ಲಿ ಕ್ಯಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಬಂತು. ಐವತ್ತೇಳು ದಾಟುತ್ತಿದ್ದ ಸ್ಟ್ಯಾಂಟನ್ ಮೊದಲ ಸಲ ಚಿತ್ರವೊಂದರ ನಡುಮಧ್ಯದಲ್ಲಿ ನಿಂತ. ನಿಂತ ಎನ್ನುವುದಕ್ಕಿಂತ ನಡೆದ ಎನ್ನಬೇಕು: ಟೆಕ್ಸಾಸಿನ ಮರುಭೂಮಿಯಲ್ಲಿ ಕೆಂಪು ಟೋಪಿ ಹಾಕಿಕೊಂಡು, ನಾಲ್ಕು ವರ್ಷ ಎಲ್ಲಿ ಹೋಗಿದ್ದನೆಂದು ಯಾರಿಗೂ ತಿಳಿಯದ ಟ್ರ್ಯಾವಿಸ್ ಎಂಬವನಾಗಿ. ಚಿತ್ರದ ಮೊದಲ ಭಾಗದಲ್ಲಿ ಅವನದು ಒಂದು ಮಾತೂ ಇಲ್ಲ. ನಾಯಕನ ಪಾತ್ರ ಕಡೆಗೂ ದಕ್ಕಿದವನಿಗೆ ಮಾತನ್ನೇ ಕೊಡಲಿಲ್ಲವಲ್ಲ ಎನಿಸುತ್ತದೆ. ಬರುಬರುತ್ತ ಗೊತ್ತಾಗುತ್ತದೆ, ಹೆಂಡತಿಯನ್ನು ತನ್ನ ಅತಿಯಾದ ಪ್ರೀತಿಯಿಂದಲೂ ಸಂಶಯದಿಂದಲೂ ಹಿಂಸಿಸಿ ಸಂಸಾರವನ್ನು ಒಡೆದುಕೊಂಡವನು ಇವನು ಎಂದು. ಮಗನನ್ನು ಕರೆದುಕೊಂಡು ಹ್ಯೂಸ್ಟನ್ ನಗರಕ್ಕೆ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅವಳಿರುವುದು ಗಾಜಿನ ಗೋಡೆಯಾಚೆ ಕುಳಿತು ಗಿರಾಕಿಗಳೊಡನೆ ಫೋನಿನಲ್ಲಿ ಮಾತಾಡುವ ಕೋಣೆಯಲ್ಲಿ. ಇವನಿಗೆ ಅವಳು ಕಾಣುತ್ತಾಳೆ, ಅವಳಿಗೆ ಇವನು ಕಾಣುವುದಿಲ್ಲ. ಟ್ರ್ಯಾವಿಸ್ ತನ್ನ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ, ಅವಳಿಗೆ ಬೆನ್ನು ಹಾಕಿ ಕುಳಿತು, ಯಾರೋ ಇಬ್ಬರ ಕಥೆ ಎಂಬಂತೆ ತಮ್ಮ ಕಥೆಯನ್ನೇ ಹೇಳುತ್ತಾನೆ. ಅವಳು ಕಾಣದಿರುವಾಗ ತಾನೂ ನೋಡಬಾರದೆಂಬ ನಾಚಿಕೆ ಅದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಕೊನೆಗೆ ತಾಯಿಮಗನನ್ನು ಒಂದು ಹೋಟೆಲಿನ ಕೋಣೆಯಲ್ಲಿ ಸೇರಿಸಿ, ಕೆಳಗಿನಿಂದ ಕಿಟಕಿಯ ಕಡೆ ನೋಡಿ, ಕಾರು ಹತ್ತಿ ಹೊರಟುಹೋಗುತ್ತಾನೆ. ಬದುಕಿನಲ್ಲಿ ಒಮ್ಮೆ ಸಿಕ್ಕಿದ ನಾಯಕನ ಪಾತ್ರ, ಕಥೆಯ ನಡುವಿನಿಂದ ತಾನಾಗಿ ಎದ್ದು ಹೋಗುವವನದು.

ಆಮೇಲೇನು? ನಾವಾಗಿದ್ದರೆ ‘ನಾನೀಗ ನಾಯಕ’ ಎಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವೋ ಏನೋ. ಸ್ಟ್ಯಾಂಟನ್ ೧೯೮೬ರಲ್ಲಿ ‘ಪ್ರೆಟ್ಟಿ ಇನ್ ಪಿಂಕ್’ ಎಂಬ ಹುಡುಗಹುಡುಗಿಯರ ಚಿತ್ರದಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ತಂದೆಯಾದ. ಮತ್ತೆ ಹತ್ತು ನಿಮಿಷ, ಐದು ನಿಮಿಷ. ಆಸ್ಕರ್ ಪ್ರಶಸ್ತಿಗೆ ಆತನ ಹೆಸರು ಒಮ್ಮೆಯೂ ಸೂಚಿತವಾಗಲಿಲ್ಲ. ಹಾಗೆಂದು ಆ ಐದು ನಿಮಿಷಗಳಲ್ಲಿ ಒಂದನ್ನೂ ಆತ ಕದ್ದಂತೆ ಕಾಣುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇದು. ನಿಷ್ಠೆಯಿಂದ ಕೆಲಸ ಮಾಡಬೇಕಾದರೆ ಮೊದಲು ತೃಪ್ತಿ ಬೇಕು ಎಂದು ನಾವು ನಂಬಿದ್ದೇವೆ. ತೃಪ್ತಿಯನ್ನು ಬೋಧಿಸುವವರೂ ಹಾಗೆಯೇ ನಂಬಿದ್ದಾರೆ, ಅತೃಪ್ತಿಯ ನೆಪದಲ್ಲಿ ಟಿಪ್ಪಣಿ ಬರೆಸುವ ನನ್ನಂಥವರೂ ಹಾಗೆಯೇ ನಂಬಿದ್ದೇವೆ. ಎರಡಕ್ಕೂ ಸಂಬಂಧವೇ ಇರಬೇಕಾಗಿಲ್ಲ. ನನಗೆ ಸಿಕ್ಕಿದ್ದು ಕಡಿಮೆ ಎಂದು ಬಾಯಿ ಬಿಟ್ಟು ಹೇಳುತ್ತಲೇ, ಸಿಕ್ಕಿದ್ದನ್ನು ಪೂರ್ತಿ ಮಾಡಬಹುದು.

ಈ ವಾದಕ್ಕೆ ವಿರುದ್ಧವಾಗಿ ಆತನದೇ ಸಾಕ್ಷ್ಯವಿದೆ ಎನ್ನುವುದನ್ನು ಮುಚ್ಚಿಡಲಾರೆ. ೨೦೧೨ರಲ್ಲಿ ಸೋಫಿ ಹೂಬರ್ ಎಂಬಾಕೆ ಆತನ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದಳು. ನಿನ್ನನ್ನು ಜನ ಹೇಗೆ ನೆನೆಯಬೇಕು ಎಂದು ಅದರಲ್ಲಿ ನಿರ್ದೇಶಕ ಡೇವಿಡ್ ಲಿಂಚ್ ಕೇಳುತ್ತಾನೆ. ಹೇಗಾದರೇನು ಎಂಬರ್ಥದ ಉತ್ತರ ಬರುತ್ತದೆ. ‘ನಾನು’ ಎಂಬುದೇ ಇಲ್ಲ ಎನ್ನುತ್ತಾನೆ ಆತ. ಕೇಳಿದರೆ ನಮ್ಮ ವೇದಾಂತಿಗಳ ಮಾತಿನಂತಿದೆ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ನಾನೆಂಬುದಿಲ್ಲ ಎಂದವನೇ ಸಾಂಟಾ ಫೆಯಲ್ಲಿ ನನಗೆ ಇಂಥದೊಂದು ಬೇಕು ಎಂದಿದ್ದನಷ್ಟೆ. ಆ ಆಸೆಗಾಗಿ ಅವನನ್ನು ಗೌರವಿಸಲು ನನಗೆ ಅಡ್ಡಿಯಿಲ್ಲ.

ತೊಂಬತ್ತರ ಅಂಚಿನಲ್ಲಿ ಇನ್ನೊಂದು ನಾಯಕಪಾತ್ರ ಆತನಿಗೆ ಬಂತು. ‘ಲಕ್ಕಿ’ ಎಂಬ ಆ ಚಿತ್ರದ ಕಥೆಯನ್ನು ಆತನ ಬದುಕಿನ ಚೂರುಗಳನ್ನೇ ಸೇರಿಸಿ ಹೆಣೆದಿದ್ದಾರೆ. ದೇವರನ್ನು ನಂಬದ ಒಂಟಿ ಮುದುಕ, ಬೆಳಗಿನ ವ್ಯಾಯಾಮ, ಸಿಗರೇಟು, ತಪ್ಪಿಸಿಕೊಂಡ ಆಮೆಗಾಗಿ ಅಳುವ ಒಬ್ಬ ಗೆಳೆಯ. ಒಂದು ಮಗುವಿನ ಹುಟ್ಟುಹಬ್ಬದಲ್ಲಿ ಯಾರೂ ಕೇಳದೆ ಎದ್ದು ನಿಂತು, ಸೋತ ದನಿಯಲ್ಲಿ, ಸ್ಪ್ಯಾನಿಷ್ ಭಾಷೆಯ ಪ್ರೇಮಗೀತೆಯೊಂದನ್ನು ಹಾಡುತ್ತಾನೆ. ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ ಆತ ಸತ್ತು ಎರಡು ವಾರವಾಗಿತ್ತು.

ನನ್ನನ್ನು ಪ್ರಶ್ನೆ ಕೇಳಿದ ಹುಡುಗ ಈಗ ಯಾವುದೋ ಊರಿನಲ್ಲಿ ಕೆಲಸದಲ್ಲಿದ್ದಾನೆಂದು ಕೇಳಿದ್ದೇನೆ. ಈ ವರ್ಷದ ತರಗತಿಗೆ ಗದಾಯುದ್ಧದ ಅದೇ ಭಾಗ ಮತ್ತೆ ಪಠ್ಯವಾಗಿದೆ. ಮೊನ್ನೆ ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ತೆಗೆದು, ರನ್ನ ಸಂಜಯನಿಗೆ ಎಲ್ಲೆಲ್ಲಿ ಮಾತು ಕೊಟ್ಟಿದ್ದಾನೆ, ಎಲ್ಲೆಲ್ಲಿ ಸುಮ್ಮನೆ ಜೊತೆಯಲ್ಲಿ ನಡೆಸಿದ್ದಾನೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಕುಳಿತೆ. ‘ಇನ್ನೂ ಎಷ್ಟು ಹೊತ್ತು ದೀಪ?’ ಎಂದು ಒಳಗಿನಿಂದ ಮನೆಯವರು ಕೇಳಿದರು. ಇನ್ನೂ ಏಳೆಂಟು ಪದ್ಯಗಳು ಉಳಿದಿದ್ದವು.