ಒಡೆದಾಗ ಬಂದದ್ದು ಒಳಗಿತ್ತೇ?

1981ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್ ಮತ್ತು ಪ್ರತಿಪ್ರೋಟಾನ್‌ಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದರು. ಯುಎ5 ತಂಡ ತೆಗೆದ ಫೋಟೋಗಳಲ್ಲಿ ಡಿಕ್ಕಿಯಾದ ಜಾಗದಿಂದ ಹತ್ತಾರು ಗೆರೆಗಳು ಸಿಡಿದಿದ್ದವು. ಕೆಲವು ಫೋಟೋಗಳಲ್ಲಿ ಆ ಜಾಗದಿಂದ ತುಸು ದೂರದಲ್ಲಿ, ಶೂನ್ಯದಿಂದ ಮೊಳೆತಂತೆ, ಇಂಗ್ಲಿಷಿನ ‘ವಿ’ ಆಕಾರದ ಜೋಡಿಗೆರೆ. ವಿದ್ಯುದಾವೇಶವಿಲ್ಲದ ಕಣವೊಂದು ಹೆಜ್ಜೆಗುರುತು ಮೂಡಿಸದೆ ಅಲ್ಲಿಯವರೆಗೆ ಬಂದು ಎರಡಾಗಿತ್ತು.

ಅದು ವಿಚಿತ್ರ ಕಣ. ಇಂಥ ಗೆರೆಗಳನ್ನು 1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ವಿಶ್ವಕಿರಣಗಳ ಚಿತ್ರಗಳಲ್ಲಿ ಕಂಡಿದ್ದರು. ಈ ಕಣಗಳು ಹುಟ್ಟುವುದು ಪ್ರಬಲ ಬಲದಿಂದ, ಕಣ್ಣೆವೆಯ ಲೆಕ್ಕಕ್ಕೂ ಸಿಗದ ವೇಗದಲ್ಲಿ. ಆದರೆ ಇವುಗಳಲ್ಲೊಂದಾದ, ಅಷ್ಟೇ ಬೇಗ ಅಳಿಯಬೇಕಿದ್ದ ಲ್ಯಾಂಬ್ಡಾ ಕಣ ಸೆಕೆಂಡಿನ ಸಾವಿರ ಕೋಟಿಯಲ್ಲಿ ಎರಡು ಮೂರು ಪಾಲು ಬಾಳುತ್ತದೆ. ಕಣಲೋಕದಲ್ಲಿ ಅದು ದೀರ್ಘಾಯುಷ್ಯ! 1953ರಲ್ಲಿ ಗೆಲ್‌ಮನ್ ಮತ್ತು ನಿಶಿಜಿಮ ಈ ಒಗಟಿಗೆ ‘ವಿಚಿತ್ರತೆ’ ಎಂಬ ಗುಣದಿಂದ ಉತ್ತರ ಕೊಟ್ಟರು. ಪ್ರಬಲ ಬಲ ಅದನ್ನು ಅಳಿಸಲಾರದು. ದುರ್ಬಲ ಬಲ ಮಾತ್ರ ಅಳಿಸಬಲ್ಲದು, ಅದೂ ನಿಧಾನವಾಗಿ.

ಪ್ರೋಟಾನಿನ ಗುರುತು ನಿರ್ಧರಿಸುವುದು ಎರಡು ಅಪ್ ಮತ್ತು ಒಂದು ಡೌನ್ ಕ್ವಾರ್ಕ್. ಹಾಗಾದರೆ ವಿಚಿತ್ರತೆಯನ್ನು ಹೊತ್ತ ವಿಚಿತ್ರ ಕ್ವಾರ್ಕ್ ಬಂದದ್ದೆಲ್ಲಿಂದ?

ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವಂತೆ ಕಾರ್ಯವು ಕಾರಣದಲ್ಲೇ ಇರುತ್ತದೆ ಎಂದದ್ದು ಸಾಂಖ್ಯ ದರ್ಶನ. ಮಡಕೆ ಹೊಸದಾಗಿ ಹುಟ್ಟುತ್ತದೆ, ಮಣ್ಣಿನಲ್ಲಿ ಅದಿರಲಿಲ್ಲ ಎಂದದ್ದು ನ್ಯಾಯ ದರ್ಶನ. ಈ ಡಿಕ್ಕಿಯನ್ನು ಗಾಣವೆಂದು ಬಗೆಯುವುದು ಸುಲಭ, ಆದರೆ ತಪ್ಪು. ಎರಡೂ ಕಣಗಳ ದ್ರವ್ಯರಾಶಿ ಕೂಡಿದರೆ ಎರಡು ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗೂ ಕಡಿಮೆ. ಡಿಕ್ಕಿಯ ಶಕ್ತಿ 540. ಹಿಂಡಿದ ಎಣ್ಣೆ ಎಳ್ಳಿಗಿಂತ ಹೆಚ್ಚು ತೂಗದು. ಇಲ್ಲಿಯಾದರೋ ಚಲನೆಯ ಶಕ್ತಿಯೇ ಹೊಸ ಕಣಗಳಾಗಿ ಮೈತಳೆಯುತ್ತದೆ. ಪ್ರೋಟಾನಿನೊಳಗೆ ವಿಚಿತ್ರ ಕ್ವಾರ್ಕ್‌ ಜೋಡಿಗಳು ಕ್ಷಣಕಾಲ ಮೂಡಿ ಮರೆಯಾಗುತ್ತವೆ, ನಿಜ. ಸಾಂಖ್ಯರ ಪಾಲಿಗೆ ಅಷ್ಟು ಆಧಾರ ಉಳಿಯುತ್ತದೆ. ಆದರೂ ಹೊರಬರುವ ಬಹುಪಾಲು ಡಿಕ್ಕಿಯಲ್ಲೇ ಹುಟ್ಟಿದ್ದು.

ಹೊಸದೆಂದ ಮಾತ್ರಕ್ಕೆ ಮನಬಂದಂತೆ ಹುಟ್ಟುವುದಿಲ್ಲ. ಹತ್ತು ಅಪ್ ಜೋಡಿಗಳು ಹುಟ್ಟುವಲ್ಲಿ ವಿಚಿತ್ರ ಜೋಡಿಗಳು ಸುಮಾರು ಮೂರೇ, ಏಕೆಂದರೆ ಭಾರದ ಕ್ವಾರ್ಕ್‌ಗೆ ಹೆಚ್ಚು ಶಕ್ತಿ ತೆರಬೇಕು. ಈ ಅನುಪಾತವನ್ನು ಅಳೆಯಲೆಂದೇ ಸಾವಿರಾರು ಚಿತ್ರಗಳಲ್ಲಿ ‘ವಿ’ ಹುಡುಕುವ ಶ್ರಮ ಸಾರ್ಥಕ: ಶಕ್ತಿಯು ವಸ್ತುವಾಗುವ ಬಗೆಯನ್ನು ನೇರವಾಗಿ ಎಣಿಸಲು ಸಿಗುವ ಅಪರೂಪದ ಜಾಗವದು. ಮಡಕೆ ಹೊಸದು ಎಂಬ ನ್ಯಾಯದ ಮಾತು ಇಲ್ಲಿ ಗೆಲ್ಲುತ್ತದೆ. ಆದರೆ ಯಾವ ಮಡಕೆ, ಎಷ್ಟು ಎಂಬ ಕಟ್ಟಳೆ ಮೊದಲೇ ಇದೆ.

ಆ ಕಟ್ಟಳೆ ಎಷ್ಟು ಬಿಗಿಯೆಂದರೆ, ಫೋಟೋದಲ್ಲಿ ಒಂದೇ ಲ್ಯಾಂಬ್ಡಾ ಕಂಡರೂ ಲೆಕ್ಕ ಸರಿದೂಗಿಸಲು ಪ್ರತಿ-ವಿಚಿತ್ರ ಕ್ವಾರ್ಕ್ ಹೊತ್ತ ಜೊತೆಗಾರ ಹುಟ್ಟಿರಲೇಬೇಕು. ಎಷ್ಟೋ ಸಲ ಅದು ದೀರ್ಘಾಯುವಾದ ತಟಸ್ಥ ಕೇಯಾನ್ ಎಂಬ ಕಣವಾಗಿ, ಒಂದು ಗೆರೆಯನ್ನೂ ಬಿಡದೆ, ಉಪಕರಣ ದಾಟಿ ಹೋಗಿರುತ್ತದೆ.