ಕಾಣದ್ದು, ಕೇಳದ್ದು, ಶಂಕಿಸದ್ದು

ಹೊಸೂರಿನಿಂದ ಕೆಲಮಂಗಲಕ್ಕೆ ಹೋಗುವ ಹಾದಿಯ ಬದಿಯಲ್ಲಿರುವ ನಮ್ಮ ಮನೆಯಲ್ಲಿ, ನಾನು ಬಲ್ಲ ಮೂರು ತಲೆಮಾರುಗಳಲ್ಲಿ, ಮಾಂಸವು ಒಲೆಯನ್ನೇರಿದುದಿಲ್ಲ. ಹಾಲು ಮೊಸರು ತುಪ್ಪಗಳೇ ನಮ್ಮ ಊಟದ ಸಾರ, ನಮ್ಮ ಕುಲದ ಹೆಮ್ಮೆಯೂ ಅವೇ. ಇಂಥ ಮನೆಗೆ ಕಳೆದ ಸಂಕ್ರಾಂತಿಯ ಸುಮಾರಿಗೆ, ಉದ್ಯೋಗನಿಮಿತ್ತವಾಗಿ ಕಾಂಬೋಡಿಯಾ ದೇಶದಲ್ಲಿ ಕೆಲವು ವರ್ಷ ನೆಲೆಸಿದ್ದ ನನ್ನ ಸೋದರಳಿಯನು ಬಂದು, ಆ ನಾಡಿನವರು ‘ಲೋಕ್ ಲಾಕ್’ ಎಂದು ಕರೆಯುವ ದನದ ಮಾಂಸದ ಅಡಿಗೆಯನ್ನು ಹಿತ್ತಿಲಿನ ಒಲೆಯಲ್ಲಿ ತಾನೇ ಮಾಡಿಕೊಳ್ಳಬಹುದೇ ಎಂದು ಬಹು ಸಂಕೋಚದಿಂದ ಕೇಳಿದನು. ನಾನು ಬೇಡವೆನ್ನಲಿಲ್ಲ, ಹೂಂ ಎನ್ನುವುದಕ್ಕೂ ನಾಲಗೆ ಏಳಲಿಲ್ಲ. ನನ್ನ ಅಕ್ಕ ದೇವರಮನೆಯ ಬಾಗಿಲನ್ನು ಮುಂದಕ್ಕೆಳೆದುಕೊಂಡು ಒಳಗೆ ಕುಳಿತಳು.

ವಿಧಾನವೇನೋ ಸರಳವಾದುದು. ಮಾಂಸವನ್ನು ಅಂಗುಲದಷ್ಟು ತುಂಡುಗಳಾಗಿ ಕೊಯ್ದು, ಜಜ್ಜಿದ ಬೆಳ್ಳುಳ್ಳಿ, ಸೋಯಾ ರಸ, ಸಿಂಪಿಯ ಸಾಸು, ಚಿಟಿಕೆ ಸಕ್ಕರೆ, ಮೆಣಸುಪುಡಿಗಳೊಡನೆ ಒಂದೆರಡು ಗಂಟೆ ನೆನೆಯಿಟ್ಟು, ಹೊಗೆಯಾಡುವಷ್ಟು ಕಾದ ಬಾಣಲೆಗೆ ಸುರಿದು, ಕುಲುಕಿ ಕುಲುಕಿ ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ಲೆಟ್ಯೂಸ್ ಎಲೆ, ಈರುಳ್ಳಿ, ಟೊಮೇಟೊ ಬಿಲ್ಲೆಗಳ ಹಾಸಿನ ಮೇಲೆ ಅದನ್ನು ಹರವಿ, ನಿಂಬೆಯ ರಸಕ್ಕೆ ಉಪ್ಪು ಮೆಣಸು ಕದಡಿದ ವ್ಯಂಜನದೊಡನೆ ಬಿಸಿ ಅನ್ನಕ್ಕೆ ಬಡಿಸುವರು. ಟೊಮೇಟೊ ರಾಯಕೋಟೆಯದು. ಮೆಣಸು ಮಾತ್ರ ಅವನು ಅಲ್ಲಿಂದಲೇ ತಂದ ಕಂಪೋಟ್ ಪ್ರಾಂತದ್ದು. ನಮ್ಮ ಸಹ್ಯಾದ್ರಿಯಲ್ಲಿ ಹುಟ್ಟಿದ ಬಳ್ಳಿಯೊಂದು ಕಡಲು ದಾಟಿಹೋಗಿ, ಎಷ್ಟೋ ಶತಮಾನಗಳ ಮೇಲೆ ನಮ್ಮ ಹಿತ್ತಿಲಿಗೆ ಹಿಂದಿರುಗಿದಂತಾಯಿತು.

ಶಾಸನದ ಮಾತನ್ನು ನಾನು ಇಲ್ಲಿ ಬೆಳೆಸುವುದಿಲ್ಲ. ಜೂಜುವಾಡಿಯ ಗಡಿಯ ಆಚೆಗೆ, ಅತ್ತಿಬೆಲೆಯ ಕಡೆ, 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಯಾವ ದನವನ್ನೂ ಕಡಿಯಲಾಗದೆಂದು ಕರ್ನಾಟಕದ 2020ರ ಕಾಯಿದೆ ಹೇಳುತ್ತದೆ. ಗಡಿಯ ಈಚೆಗೆ, 10 ವರ್ಷ ಮೀರಿ ದುಡಿಮೆಗೂ ಸಂತಾನಕ್ಕೂ ಒದಗದ ಪಶುವನ್ನು ಕಡಿಯಲು ಬೇಕಾದ ಪ್ರಮಾಣಪತ್ರದ ಮಾತನ್ನು ತಮಿಳುನಾಡಿನ 1958ರ ಕಾಯಿದೆ ಆಡುತ್ತದೆ. ಒಂದು ಹೊಲದ ಬದುವನ್ನು ದಾಟಿದರೆ ಬದಲಾಗುವಂಥದು ಧರ್ಮದ ನೆಲೆಯಾಗಲಾರದು.

‘ಅಹಿಂಸೆಯನ್ನು ಬೋಧಿಸಿದ ಬುದ್ಧನ ಮತವನ್ನು ಹಿಡಿದ ಜನ ಇದನ್ನು ಹೇಗೆ ಉಣ್ಣುತ್ತಾರೆ?’ ಎಂದು ನಾನು ಕೇಳಿದಾಗ, ಅಳಿಯನು ಅಲ್ಲಿಯ ವಿಹಾರವೊಂದರಲ್ಲಿ ತಾನು ಕೇಳಿದ್ದ ತ್ರಿಕೋಟಿಪರಿಶುದ್ಧಿಯ ನಿಯಮವನ್ನು ಹೇಳಿದನು. ರಾಜಗೃಹದಲ್ಲಿ ವೈದ್ಯನಾದ ಜೀವಕನ ಮಾವಿನ ತೋಪಿನಲ್ಲಿ ಭಗವಾನ್ ಬುದ್ಧನು ಉಪದೇಶಿಸಿದುದಿದು: ತನಗಾಗಿ ಪ್ರಾಣಿಯನ್ನು ಕೊಂದುದನ್ನು ಭಿಕ್ಷುವು ಕಂಡಿರಬಾರದು, ಕೇಳಿರಬಾರದು, ಶಂಕಿಸಿಯೂ ಇರಬಾರದು, ಹಾಗಿದ್ದಲ್ಲಿ ಪಾತ್ರೆಗೆ ಬಿದ್ದ ಮಾಂಸವು ನಿರ್ದೋಷವಾದುದು. ಮಾಂಸವನ್ನು ಸಂಘಕ್ಕೆಲ್ಲ ನಿಷೇಧಿಸಬೇಕೆಂದು ದೇವದತ್ತನು ಹಠಹಿಡಿದಾಗಲೂ ಬುದ್ಧನು ಒಪ್ಪಲಿಲ್ಲ. ಆನೆ, ಕುದುರೆ, ನಾಯಿ, ಹಾವು, ಸಿಂಹಗಳೇ ಮೊದಲಾಗಿ ವಿನಯಪಿಟಕವು ಹೆಸರಿಸಿ ನಿಷೇಧಿಸಿದ ಹತ್ತು ಮಾಂಸಗಳಲ್ಲಿ ಗೋವಿನದು ಸೇರಿಲ್ಲ. ಆದರೂ ಸುತ್ತನಿಪಾತದಲ್ಲಿ ಅದೇ ಬುದ್ಧನು ಗೋವುಗಳನ್ನು ತಾಯಿತಂದೆಯರಿಗೂ ಒಡಹುಟ್ಟಿದವರಿಗೂ ಸಮವೆಂದು ಕೊಂಡಾಡಿ, ಅವುಗಳನ್ನು ಯಜ್ಞದಲ್ಲಿ ಕೊಂದಂದಿನಿಂದ ಲೋಕಕ್ಕೆ ರೋಗಗಳು ಹೆಚ್ಚಿದುವೆಂದು ಮರುಗುತ್ತಾನೆ. ಇನ್ನೊಂದೆಡೆ, ಉಪಾಸಕನು ಮಾಡಬಾರದ ಐದು ವ್ಯಾಪಾರಗಳಲ್ಲಿ ಮಾಂಸದ ವ್ಯಾಪಾರವೂ ಒಂದೆಂದು ಹೇಳಿದೆ. ಉಣ್ಣುವುದಕ್ಕೆ ಅನುಮತಿ, ಮಾರುವುದಕ್ಕೆ ನಿಷೇಧ! ಹೀಗಾಗಿ ಕಾಂಬೋಡಿಯಾದಲ್ಲಿ ದನ ಕಡಿಯುವ ಕಸುಬು ಬಹುಮಟ್ಟಿಗೆ ಚಾಮ್ ಮುಸಲ್ಮಾನರ ಪಾಲಿಗೆ ಬಂದಿತು. ಉಣ್ಣುವ ಬಹುಜನರು ಕೈತೊಳೆದುಕೊಂಡರು.

ಈ ನಿಯಮವು ಮನೆಮನೆಯ ಮುಂದೆ ಮೌನವಾಗಿ ನಿಂತು, ಬಡವನು ಹಾಕಿದುದನ್ನು ಬೇಡವೆನ್ನದೆ ಸ್ವೀಕರಿಸತಕ್ಕ ಸಂನ್ಯಾಸಿಗೆ ತಕ್ಕುದೇ ಹೊರತು, ಹಣ ಕೊಟ್ಟು ತನಗೆ ಬೇಕಾದುದನ್ನು ತರಿಸಿಕೊಳ್ಳುವ ಗೃಹಸ್ಥನಿಗೆ ಒಗ್ಗುವುದಿಲ್ಲವೆಂದು ನಾನು ವಾದಿಸಿದೆನು. ಅಳಿಯನು ಒಪ್ಪಿಕೊಂಡನು. ವಾದದಲ್ಲಿ ಗೆದ್ದವನ ತೃಪ್ತಿಯಿಂದ ನಾನು ಮಜ್ಜಿಗೆಯನ್ನದ ಊಟ ಮುಗಿಸಿ ಮಲಗಿದೆನು, ನಿದ್ದೆ ಬರಲಿಲ್ಲ. ಏಕೆಂದರೆ ಆ ಮೂರು ಮಾತುಗಳು ಹಿತ್ತಿಲಿನ ಒಲೆಯನ್ನು ಬಿಟ್ಟು ನನ್ನ ಕೊಟ್ಟಿಗೆಯ ಕಡೆಗೆ ತಿರುಗಿದ್ದುವು.

ನಮ್ಮ ಕೊಟ್ಟಿಗೆಯಲ್ಲಿರುವುವು ಎರಡು ಸೀಮೆಹಸುಗಳು. ಕಳೆದ ಕೆಲವು ವರ್ಷಗಳಲ್ಲಿ ಅವು ಮೂರು ಗಂಡುಕರುಗಳನ್ನು ಈದುವು. ಮೂರನ್ನೂ, ಮೈಯಲ್ಲಿ ಬಲ ಬರುವ ಮುನ್ನವೇ, ಬಾಗಿಲಿಗೆ ಬಂದ ದಲ್ಲಾಳಿಗೆ ನಾನೇ ಹಗ್ಗ ಬಿಚ್ಚಿ ಕೊಟ್ಟೆನು. ಎಲ್ಲಿಗೆ ಒಯ್ಯುವೆಯೆಂದು ಕೇಳಲಿಲ್ಲ. ಅವು ಏನಾದುವೆಂಬುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಶಂಕಿಸದಿರುವುದಕ್ಕಂತೂ ಬಹಳ ಎಚ್ಚರಿಕೆ ವಹಿಸಿದ್ದೆನು. ಭಿಕ್ಷುವಿಗೆಂದು ವಿಧಿಸಿದ ನಿಯಮದ ನೆರಳಿನಲ್ಲಿ, ಅದರ ಹೆಸರನ್ನೇ ಅರಿಯದೆ, ಒಬ್ಬ ಸಸ್ಯಾಹಾರಿ ಗೃಹಸ್ಥನು ವರ್ಷಾನುಗಟ್ಟಲೆ ಹಾಲುಂಡು ಸುಖವಾಗಿದ್ದನು.

ನನ್ನ ತಾತನಿಗೆ ಈ ಸಂಕಟವಿರಲಿಲ್ಲ. ಆತ ಕಟ್ಟಿದ್ದುದು ಹಳ್ಳಿಕಾರ್ ತಳಿ; ಅಮೃತಮಹಲಿಗೂ ಮೂಲವಾದ ಆ ತಳಿಯಲ್ಲಿ ಹಾಲು ಕಡಿಮೆ, ಆದರೆ ಗಂಡುಕರು ಹುಟ್ಟಿದರೆ ಮನೆಗೆ ಐಶ್ವರ್ಯ. ಅದು ಉಳುವುದು, ಗಾಡಿಯೆಳೆಯುವುದು, ಜಾತ್ರೆಯಲ್ಲಿ ಜೋಡಿಗೆ ಒಳ್ಳೆಯ ಬೆಲೆ ತರುವುದು. ಇಂದಿಗೂ ಕೃಷ್ಣಗಿರಿಯ ಹಳ್ಳಿಗಳಲ್ಲಿ ಪೊಂಗಲಿನ ಕಾಲಕ್ಕೆ ಎತ್ತು ಬಿಡುವ ಹಬ್ಬವನ್ನು ನೋಡಿದವರು ಆ ಹೆಮ್ಮೆಯನ್ನು ಬಲ್ಲರು. ಹೊಸೂರಿಗೆ ಅಂಟಿಕೊಂಡ ಮತ್ತಿಗಿರಿಯ ಪಶುಕ್ಷೇತ್ರವು, ಕಂಪೆನಿ ಸರ್ಕಾರದ ಸೈನ್ಯದ ಕುದುರೆಗಳಿಗಾಗಿ 1824ರಲ್ಲಿ ಆರಂಭವಾಗಿ, ಮುಂದೆ ದನಗಳ ತಳಿಗಳಿಗೆ ಹೆಸರಾದುದು. ಟ್ರ್ಯಾಕ್ಟರು ಬಂದಿತು, ಸೀಮೆಹಸು ಬಂದಿತು. ಹಾಲು ಹೆಚ್ಚಿತು, ಗಂಡುಕರುವಿಗೆ ಕೆಲಸವಿಲ್ಲದಾಯಿತು. ಕಾಂಬೋಡಿಯಾದಲ್ಲಿಯೂ ಹೀಗೆಯೇ ಆಗಿದೆಯಂತೆ. ಅಲ್ಲಿ ಕೈಟ್ರ್ಯಾಕ್ಟರಿಗೆ ‘ಕೋಯೋನ್’ ಎನ್ನುವರು, ನಮ್ಮ ‘ಗೋಯಂತ್ರ’ವೇ ಅವರ ನಾಲಗೆಯಲ್ಲಿ ಹಾಗಾದುದು. ಆದರೂ ಗೋವು ಅಲ್ಲಿ ಪೂಜ್ಯವೇ. ಆ ನಾಡಿನ ಅರಸ ಇಂದ್ರವರ್ಮನು 9ನೆಯ ಶತಮಾನದಲ್ಲಿ ಕಟ್ಟಿಸಿದ ಶಿವಾಲಯದ ಮುಂದೆ ಮಲಗಿರುವ ನಂದಿಗಳಿಂದ ಆ ಗುಡಿಗೆ ‘ಪ್ರೆಯಾ ಕೋ’, ಎಂದರೆ ಪವಿತ್ರ ಗೋವು, ಎಂಬ ಹೆಸರು ಬಂದಿದೆ. ವೈಶಾಖದಲ್ಲಿ ನಡೆಯುವ ರಾಜನ ಉಳುಮೆಯ ಉತ್ಸವದಲ್ಲಿ ಎತ್ತುಗಳ ಮುಂದೆ ಭತ್ತ, ಜೋಳ, ಎಳ್ಳು, ಹುಲ್ಲು ಮುಂತಾದ ಏಳು ತಟ್ಟೆಗಳನ್ನಿಟ್ಟು, ಅವು ಬಾಯಿಡುವ ತಟ್ಟೆಯಿಂದ ಆ ವರ್ಷದ ಬೆಳೆಯ ಭವಿಷ್ಯವನ್ನು ತಿಳಿಯುತ್ತಾರೆ. ಪೂಜಿಸುವ ಕೈಯೂ ಉಣ್ಣುವ ಕೈಯೂ ಅಲ್ಲಿ ಒಂದೇ. ಇಲ್ಲಿ, ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದ ನೆರಳಿನಲ್ಲಿ, ಪೂಜಿಸುವ ಕೈಯೇ ಹಗ್ಗವನ್ನು ಬಿಚ್ಚಿತು.

ಆಹಾರಶುದ್ಧಿಯ ವಿಚಾರ ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ಬರುತ್ತದಷ್ಟೆ. ಇಂದ್ರಿಯಗಳು ಒಳಕ್ಕೆ ತಂದುಕೊಳ್ಳುವ ವಿಷಯಗಳೆಲ್ಲವೂ ಆಹಾರವೇ, ರಾಗದ್ವೇಷಮೋಹಗಳ ಕಲ್ಮಷವಿಲ್ಲದ ಗ್ರಹಣವೇ ಅದರ ಶುದ್ಧಿ ಎಂದು ಶಂಕರರು ಅರ್ಥಮಾಡಿದರು. ರಾಮಾನುಜರು ಉಣ್ಣುವ ಅನ್ನವನ್ನೇ ಹಿಡಿದು, ಅದಕ್ಕೆ ಜಾತಿ, ಆಶ್ರಯ, ನಿಮಿತ್ತಗಳೆಂಬ ಮೂರು ಬಗೆಯ ದೋಷಗಳನ್ನು ಹೇಳಿದರು. ಪದಾರ್ಥದ ಸ್ವಭಾವದಿಂದ ಬರುವುದು ಮೊದಲನೆಯದು, ಅದು ಯಾರ ಬಳಿಯಿಂದ ಬಂದಿತೆಂಬುದರಿಂದ ತಗುಲುವುದು ಎರಡನೆಯದು. ಆಶ್ರಯದೋಷವೆಂಬ ಈ ಮಾತನ್ನು ನಮ್ಮಂಥವರು ಇಷ್ಟು ಕಾಲವೂ ಇತರರ ಕೈಯನ್ನು ದೂರವಿರಿಸುವುದಕ್ಕೇ ಬಳಸಿದೆವು. ನಮ್ಮ ಸತ್ತ ದನವನ್ನು ಹೊತ್ತೊಯ್ದವರನ್ನು ಅದನ್ನು ಹೊತ್ತ ಕಾರಣಕ್ಕಾಗಿಯೇ ಕೀಳೆಂದೆವು. ಅಸ್ಪೃಶ್ಯತೆಯ ಮೂಲವನ್ನು ದನದ ಮಾಂಸದ ಊಟದೊಡನೆ ಬೆಸೆದು ಅಂಬೇಡ್ಕರರು 1948ರಲ್ಲಿ ಬರೆದ ಗ್ರಂಥವನ್ನು ಓದಿದವನು ಈ ಕಥೆಯನ್ನು ಮರೆಯಲಾರನು. ಆದರೆ ನನ್ನ ಲೋಟದ ಹಾಲಿನ ಆಶ್ರಯವಾವುದು? ನಾನೇ. ಕರುವನ್ನು ಕೊಟ್ಟು ಕಣ್ಣು ಮುಚ್ಚಿಕೊಂಡವನ ಕೊಟ್ಟಿಗೆಯಿಂದ ಬಂದ ಹಾಲು ಆಚಾರ್ಯರ ಅಳತೆಗೋಲಿನಿಂದಲೇ ದುಷ್ಟವಾದುದು. ಇದಕ್ಕಿಂತ ಮೃದುವಾದ ಮಾತು ನನಗೆ ಕಾಣದು.

ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿಯು ಧರ್ಮವನ್ನು ಕಲಿಯಲು ಮಿಥಿಲೆಗೆ ಹೋದಾಗ ಕಂಡುದು ಮಾಂಸದಂಗಡಿಯಲ್ಲಿ ಕುಳಿತ ಧರ್ಮವ್ಯಾಧನನ್ನು. ಆ ವ್ಯಾಧನು ತನ್ನ ಕಸುಬು ಘೋರವೆಂಬುದನ್ನು ಬಚ್ಚಿಡುವುದಿಲ್ಲ. ನೇಗಿಲಿನ ಕುಳವೂ ನೆಲದೊಳಗಿನ ಅಸಂಖ್ಯ ಜೀವಗಳನ್ನು ಕೊಲ್ಲುತ್ತದೆಂದು ತಪಸ್ವಿಗೆ ನೆನಪುಮಾಡುತ್ತಾನೆ. ಹಿಂಸೆ ಎಲ್ಲೆಲ್ಲಿಯೂ ಇರುವುದರಿಂದ ಯಾವ ಹಿಂಸೆಯೂ ಸಲ್ಲುವುದೆಂದು ಇದನ್ನು ಓದುವವರುಂಟು. ನಾನು ಹಾಗೆ ಓದುವುದಿಲ್ಲ. ವ್ಯಾಧನ ಹಿರಿಮೆಯಿರುವುದು ತಾನು ಮಾಡುವುದನ್ನು ಕಣ್ಣುತೆರೆದು ನೋಡಿದುದರಲ್ಲಿ. ಅಂದು ನನ್ನ ಅಳಿಯನು ಉಂಡುದು ಏನೆಂಬುದನ್ನು ಅವನು ಬಲ್ಲನು. ನಾನು ಉಂಡುದನ್ನು ನಾನು ಅರಿಯದಂತೆ ನಟಿಸಿದ್ದೆನು. ಆ ಮಾಂಸವನ್ನು ನಾನು ಮುಟ್ಟಲಿಲ್ಲ, ಮುಟ್ಟುವವನೂ ಅಲ್ಲ. ಅವನಿಗಿಂತ ಶುಚಿಯಾದವನೆಂದು ಹೇಳಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದೇನೆ.

ಮಾಘದಲ್ಲಿ ದಲ್ಲಾಳಿಯು ಮತ್ತೆ ಬಂದಾಗ, ಮೊದಲಿನ ಮೂರೂ ಎಲ್ಲಿಗೆ ಹೋದುವೆಂದು ಕೇಳಿದೆನು. ‘ಅದನ್ನು ನೀವು ಕೇಳಬಾರದು ಸ್ವಾಮಿ, ನಾನು ಹೇಳಬಾರದು’ ಎಂದನು. ಈ ಸಲ ಹುಟ್ಟಿದ ನಾಲ್ಕನೆಯ ಗಂಡುಕರುವನ್ನು ಕೊಡಲಿಲ್ಲ. ಅದರ ಮೇವಿಗಾಗಿ ಮನೆಯಲ್ಲಿ ಹಾಲಿನ ಲೆಕ್ಕ ಕುಗ್ಗಿದೆ, ಅಕ್ಕನು ಗೊಣಗದೆ ಒಪ್ಪಿದ್ದಾಳೆ. ಹಾಲುಂಡು ಬಾಳುವ ನನ್ನಂಥ ಓದುಗರಲ್ಲಿ ಒಂದೇ ಪ್ರಾರ್ಥನೆ: ನಾಳೆ ಬೆಳಿಗ್ಗೆ ಹಾಲು ತರುವವನನ್ನು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿಸಿ, ಗಂಡುಕರು ಎಲ್ಲಿ ಎಂದು ಕೇಳಿರಿ, ಅವನು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ.