ಲೀಲೆ: ಬೇಸಿಗೆ ರಜೆಯ ಸಣ್ಣ ಸುಖಗಳ ಹಿಂದಿನ ತತ್ತ್ವ

ಮಾಡುವುದರ ಆಚೆಗೆ ಬೇರೆ ಯಾವ ಫಲವನ್ನೂ ಬಯಸದೆ, ಮಾಡುವುದರಲ್ಲೇ ಸುಖ ಕಾಣುವ ಕ್ರಿಯೆಯನ್ನು ಭಾರತೀಯ ದರ್ಶನಗಳು ಲೀಲೆ ಎಂದು ಕರೆಯುತ್ತವೆ. ಸೃಷ್ಟಿಯ ಕಾರಣವನ್ನು ಹುಡುಕುವ ಚರ್ಚೆಯಲ್ಲಿ ಬೆಳೆದ ಈ ವಿಚಾರ ಮನುಷ್ಯರ ಆಟ, ಕಲೆ, ಬಿಡುವುಗಳಿಗೂ ಅನ್ವಯಿಸುತ್ತದೆ. ದಿನನಿತ್ಯದ ಬದುಕಿನಲ್ಲಿ ಸೃಜನಶೀಲತೆ ಎಲ್ಲಿಂದ ಬರುತ್ತದೆ, ಯಾವ ನೆಲದಲ್ಲಿ ಚಿಗುರುತ್ತದೆ ಎಂಬ ಪ್ರಶ್ನೆಗೆ ಲೀಲೆಯ ಮೂಲಕ ಹೋದರೆ ಉತ್ತರ ಬೇಗ ಕೈಗೆ ಸಿಗುತ್ತದೆ. ಅದನ್ನು ಹತ್ತಿರದಿಂದ ನೋಡಲು ಏಪ್ರಿಲ್‌, ಮೇ ತಿಂಗಳ ಶಾಲಾ ರಜೆಗಿಂತ ಒಳ್ಳೆಯ ಕಾಲ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಒಂದು ಆಕ್ಷೇಪ ಬರುತ್ತದೆ. ಬುದ್ಧಿಯುಳ್ಳ ಯಾರೂ ಪ್ರಯೋಜನವಿಲ್ಲದೆ ಕೆಲಸಕ್ಕೆ ಕೈಹಾಕುವುದಿಲ್ಲ; ಪರಿಪೂರ್ಣವಾದ ಬ್ರಹ್ಮಕ್ಕೆ ಪಡೆಯಬೇಕಾದದ್ದು ಏನೂ ಉಳಿದಿಲ್ಲ; ಹಾಗಿದ್ದ ಮೇಲೆ ಅದು ಜಗತ್ತನ್ನು ಏಕೆ ಸೃಷ್ಟಿಸೀತು? ಮುಂದಿನ ಸೂತ್ರದ ಉತ್ತರ ಚಿಕ್ಕದು: ಲೋಕದಲ್ಲಿ ಕಾಣುವಂತೆಯೇ ಅದೂ ಬರಿಯ ಲೀಲೆ. ಅಂದರೆ ದೇವರ ಸೃಷ್ಟಿಯನ್ನು ವಿವರಿಸಲು ಸೂತ್ರಕಾರರು ಮನುಷ್ಯರ ಆಟವನ್ನೇ ಸಾಕ್ಷಿಗೆ ಕರೆಯುತ್ತಾರೆ. ಹಾಗಾಗಿ ಭಾಷ್ಯಕಾರರೆಲ್ಲ ಲೋಕದ ಆಟಗಳಿಂದ ಉದಾಹರಣೆ ಕೊಡಲೇಬೇಕಾಯಿತು. ಅವರು ಆರಿಸಿಕೊಂಡ ಉದಾಹರಣೆಗಳಲ್ಲೇ ಅವರವರ ಮನೋಧರ್ಮವೂ ಕಾಣುತ್ತದೆ.

ಶಂಕರರು ಎರಡು ದೃಷ್ಟಾಂತ ಕೊಡುತ್ತಾರೆ: ಬೇಕಾದದ್ದೆಲ್ಲ ಕೈಗೂಡಿದ ರಾಜ ವಿಹಾರದಲ್ಲಿ ತೊಡಗುವುದು ಒಂದು, ಯಾರ ಅಪ್ಪಣೆಯೂ ಇಲ್ಲದೆ ಉಸಿರು ಆಡುತ್ತಿರುವುದು ಇನ್ನೊಂದು. ರಾಮಾನುಜರ ರಾಜ ಸಪ್ತದ್ವೀಪಗಳ ಒಡೆಯ, ಮಹಾಪರಾಕ್ರಮಿ. ಆದರೂ ಚೆಂಡಾಟಕ್ಕೆ ಇಳಿಯುತ್ತಾನೆ, ಆಟವಲ್ಲದೆ ಅವನಿಗೆ ಬೇರೆ ಉದ್ದೇಶವಿಲ್ಲ. ಮಧ್ವರು ರಾಜರ ಗೋಜಿಗೇ ಹೋಗುವುದಿಲ್ಲ. ಸುಖ ಉಕ್ಕಿ ಮೈಮರೆತವನು ಹಾಡಿ ಕುಣಿಯುವ ಹಾಗೆ ಎನ್ನುತ್ತಾರೆ. ಶೃಂಗೇರಿ, ಮೇಲುಕೋಟೆ, ಉಡುಪಿಗಳ ಪರಂಪರೆಗಳು ನೂರು ವಿಷಯಗಳಲ್ಲಿ ಜಗಳವಾಡಿವೆ. ಇಲ್ಲಿ ಮಾತ್ರ ಮೂವರೂ ಒಂದೇ ಮಾತಿಗೆ ಬರುತ್ತಾರೆ: ಸೃಷ್ಟಿ ಹುಟ್ಟುವುದು ಕೊರತೆಯಿಂದಲ್ಲ, ತುಂಬಿದ ಸ್ಥಿತಿಯಿಂದ.

ಲೀಲೆಯನ್ನು ಗೀತೆಯ ನಿಷ್ಕಾಮ ಕರ್ಮದೊಂದಿಗೆ ಬೆರೆಸುವುದು ಸುಲಭವಾದ ತಪ್ಪು. ಎರಡರಲ್ಲೂ ಫಲಾಪೇಕ್ಷೆ ಇಲ್ಲ, ನಿಜ. ಆದರೆ ನಿಷ್ಕಾಮ ಕರ್ಮದಲ್ಲಿ ಕರ್ತವ್ಯ ಉಳಿದಿರುತ್ತದೆ. ಫಲದ ಆಸೆ ಬಿಟ್ಟರೂ ಅರ್ಜುನ ಯುದ್ಧ ಬಿಡುವಂತಿಲ್ಲ. ಲೀಲೆಯಲ್ಲಿ ಕರ್ತವ್ಯವೂ ಇಲ್ಲ. ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋದ ಹುಡುಗನಿಗೆ ಗೆಳೆಯರ ಬೈಗುಳ ಬಿದ್ದೀತೇ ಹೊರತು ಪಾಪ ತಟ್ಟುವುದಿಲ್ಲ.

ಯುರೋಪಿನ ಚಿಂತನೆಯಲ್ಲಿ ಆಟಕ್ಕೆ ಇಷ್ಟು ಮರ್ಯಾದೆ ಸಿಗಲು ಬಹಳ ಕಾಲ ಹಿಡಿಯಿತು. ಅರಿಸ್ಟಾಟಲ್ ಆಟವನ್ನು ದಣಿದವರಿಗೆ ಕೊಡುವ ಔಷಧದಂತೆ ಕಂಡ. ಅವನ ಪಾಲಿಗೆ ದೊಡ್ಡದು ಬಿಡುವು, ಸಂಗೀತ ಮತ್ತು ಚಿಂತನೆಗೆ ಮೀಸಲಾದ ಬಿಡುವು. 1790ರಲ್ಲಿ ಕಾಂಟ್, ಸೌಂದರ್ಯದ ಅನುಭವದಲ್ಲಿ ಕಲ್ಪನೆ ಮತ್ತು ಬುದ್ಧಿ ಎರಡೂ ಸ್ವಚ್ಛಂದವಾಗಿ ಆಡುತ್ತವೆ ಎಂದ. ಐದು ವರ್ಷಗಳ ಬಳಿಕ ಷಿಲ್ಲರ್ ತನ್ನ ಸೌಂದರ್ಯಶಿಕ್ಷಣದ ಪತ್ರಗಳಲ್ಲಿ ಇನ್ನೂ ಮುಂದೆ ಹೋದ. ಮನುಷ್ಯನನ್ನು ಒಂದು ಕಡೆಯಿಂದ ಇಂದ್ರಿಯಗಳೂ ಇನ್ನೊಂದು ಕಡೆಯಿಂದ ನಿಯಮಗಳೂ ಎಳೆಯುತ್ತವೆ. ಎರಡೂ ಒಂದಕ್ಕೊಂದು ಹೊಂದಿಕೊಳ್ಳುವುದು ಆಟದಲ್ಲಿ. ಆದ್ದರಿಂದ ಮನುಷ್ಯ ಪೂರ್ತಿ ಮನುಷ್ಯನಾಗುವುದೂ ಆಡುವಾಗಲೇ ಎಂಬುದು ಅವನ ನಿಲುವು. ಡಚ್ ಇತಿಹಾಸಕಾರ ಯೋಹಾನ್ ಹುಯಿಝಿಂಗ 1938ರಲ್ಲಿ ಪ್ರಕಟಿಸಿದ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಆಟದ ಲಕ್ಷಣಗಳನ್ನು ಗುರುತಿಸಿದ. ಅದು ಸ್ವಇಚ್ಛೆಯದು, ದಿನದ ವ್ಯವಹಾರದಿಂದ ಹೊರಗಿನದು, ಅದಕ್ಕೆ ತನ್ನದೇ ಜಾಗ, ಸಮಯ ಮತ್ತು ನಿಯಮಗಳಿವೆ.

ಈ ಕೊನೆಯ ಮಾತು ಮುಖ್ಯ. ಸೃಜನಶೀಲತೆ ಎಂದರೆ ಕಟ್ಟುಪಾಡಿಲ್ಲದಿರುವುದು ಎಂಬ ನಂಬಿಕೆ ಬಲವಾಗಿದೆ, ಆದರೆ ಬೀದಿಯ ಆಟಗಳು ಅದನ್ನು ಒಪ್ಪುವುದಿಲ್ಲ. ಲಗೋರಿಯಲ್ಲಿ ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವ ಮೊದಲೇ ಗಲಾಟೆ ಶುರುವಾಗಿರುತ್ತದೆ: ಚೆಂಡು ಚರಂಡಿಗೆ ಬಿದ್ದರೆ ಏನು, ಕಾಂಪೌಂಡಿನ ಆಚೆ ಹೋದರೆ ಯಾರು ತರಬೇಕು, ಚಿಕ್ಕವರಿಗೆ ಎಷ್ಟು ರಿಯಾಯಿತಿ. ಜಾಗಕ್ಕೂ ಸೇರಿದ ಮಂದಿಗೂ ತಕ್ಕಂತೆ ಕಾನೂನು ಆಗಿಂದಾಗಲೇ ತಯಾರಾಗುತ್ತದೆ. ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಜಿನೀವಾ, ನ್ಯೂಶಾಟೆಲ್ ಊರುಗಳ ಹುಡುಗರು ಗೋಲಿಯಾಡುವುದನ್ನು ನೋಡಿ, ಅವರನ್ನೇ ಪ್ರಶ್ನಿಸಿ, 1932ರಲ್ಲಿ ಮಕ್ಕಳ ನೈತಿಕ ವಿವೇಚನೆಯ ಮೇಲೆ ಪುಸ್ತಕ ಬರೆದ. ಚಿಕ್ಕ ಮಕ್ಕಳಿಗೆ ನಿಯಮವೆಂದರೆ ದೊಡ್ಡವರಿಂದ ಬಂದದ್ದು, ಮುಟ್ಟಬಾರದ್ದು. ಸ್ವಲ್ಪ ದೊಡ್ಡವರಾದ ಮೇಲೆ, ಎಲ್ಲರೂ ಒಪ್ಪಿದರೆ ಅದನ್ನು ಬದಲಿಸಬಹುದು ಎಂಬುದು ಹೊಳೆಯುತ್ತದೆ. ದೊಡ್ಡವರ ತೀರ್ಪಿಲ್ಲದೆ ಒಟ್ಟಿಗೆ ಆಡುತ್ತಾ ಬರುವ ತಿಳಿವಳಿಕೆ ಇದು. ನಿಯಮವನ್ನು ಪಾಲಿಸುವವನು ಅದನ್ನು ರೂಪಿಸಬಲ್ಲ ಎಂಬ ಅರಿವು ಸೃಜನಶೀಲತೆಯಲ್ಲಿ ಸಣ್ಣ ಹೆಜ್ಜೆಯೇನಲ್ಲ.

ಹಾಗಾದರೆ ಸೃಷ್ಟಿಸುವ ಶಕ್ತಿ ಯಾರಲ್ಲಿದೆ? ಸಂಸ್ಕೃತ ಕಾವ್ಯಮೀಮಾಂಸೆ ಅದನ್ನು ಪ್ರತಿಭೆ ಎನ್ನುತ್ತದೆ. ಕ್ಷಣಕ್ಷಣವೂ ಹೊಸದನ್ನು ತೆರೆದು ತೋರಿಸುವ ಪ್ರಜ್ಞೆಯೇ ಪ್ರತಿಭೆ ಎಂಬ ಪ್ರಸಿದ್ಧ ವ್ಯಾಖ್ಯೆ ಅಭಿನವಗುಪ್ತನ ಗುರು ಭಟ್ಟತೌತನದೆಂದು ಪರಂಪರೆ ಹೇಳುತ್ತದೆ. ಮಮ್ಮಟ ಕಾವ್ಯದ ಹುಟ್ಟಿಗೆ ಶಕ್ತಿಯ ಜೊತೆಗೆ ಲೋಕ ಮತ್ತು ಶಾಸ್ತ್ರಗಳ ಪರಿಚಯದಿಂದ ಬರುವ ನಿಪುಣತೆ, ಬಲ್ಲವರ ಮಾರ್ಗದರ್ಶನದ ಅಭ್ಯಾಸ ಎರಡನ್ನೂ ಸೇರಿಸಿದ. ಹತ್ತನೆಯ ಶತಮಾನದ ರಾಜಶೇಖರನ ವಿಂಗಡಣೆ ಈ ಚರ್ಚೆಗೆ ಇನ್ನೂ ಹತ್ತಿರ. ಮಾಡುವವನದು ಕಾರಯಿತ್ರೀ ಪ್ರತಿಭೆ, ಆಸ್ವಾದಿಸುವವನದು ಭಾವಯಿತ್ರೀ ಪ್ರತಿಭೆ ಎಂದು ಅವನು ಎರಡು ಬಗೆ ಹೇಳಿದ. ನೋಡುವುದಕ್ಕೂ ಸವಿಯುವುದಕ್ಕೂ ಪ್ರತಿಭೆ ಬೇಕು ಎಂದಾಯಿತು. ಮಧ್ಯಾಹ್ನದ ಬಿಸಿಲಿಗೆ ಮಾವಿನ ಮರದಡಿ ಮಲಗಿ ಎಲೆಗಳ ಸಂದಿಯ ಬೆಳಕನ್ನು ನೋಡುವವರನ್ನು ಸೋಮಾರಿ ಎನ್ನುವ ಮೊದಲು ರಾಜಶೇಖರನನ್ನು ನೆನೆಯಬಹುದು.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಲಕ್ಷಣಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅದಕ್ಕೂ ಮೊದಲೇ ಈ ಪ್ರತಿಭೆಯನ್ನು ಜನಸಾಮಾನ್ಯರಲ್ಲೂ ಕಂಡಿತ್ತು. ಈ ನಾಡಿನವರು ಓದಿ ಕಲಿಯದಿದ್ದರೂ ಕಾವ್ಯದ ಪ್ರಯೋಗದಲ್ಲಿ ಪಳಗಿದವರು ಎಂಬ ಅದರ ಮಾತು ಬರಿಯ ನಾಡಿನ ಹೊಗಳಿಕೆಯಾಗಿ ಬಳಕೆಯಾಗಿ ಸವೆದಿದೆ. ಅದರೊಳಗೆ ಒಂದು ತಾತ್ವಿಕ ನಿಲುವೂ ಇದೆ: ಸೃಜನಶೀಲತೆ ಕೆಲವರಿಗೆ ಮಾತ್ರ ಬಂದ ವರವಲ್ಲ. ಆಧುನಿಕ ಮನೋವಿಜ್ಞಾನ ಬೇರೆ ದಾರಿಯಿಂದ ಇಲ್ಲಿಗೇ ಬಂತು. ಎರಡನೇ ದರ್ಜೆಯ ಚಿತ್ರಕ್ಕಿಂತ ಮೊದಲ ದರ್ಜೆಯ ಸೂಪಿನಲ್ಲಿ ಹೆಚ್ಚು ಸೃಜನಶೀಲತೆ ಇದೆ ಎಂಬುದು ಅಬ್ರಹಾಂ ಮಾಸ್ಲೋನ ಅಭಿಪ್ರಾಯವಾಗಿತ್ತು. 2009ರಲ್ಲಿ ಜೇಮ್ಸ್ ಕಾಫ್‌ಮನ್ ಮತ್ತು ರೊನಾಲ್ಡ್ ಬೆಗೆಟೊ ಸೃಜನಶೀಲತೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು. ಕಲಿಯುವವರಿಗೆ ತಮ್ಮ ಮಟ್ಟಿಗೆ ಹೊಸದಾಗಿ ಹೊಳೆಯುವುದು ಮೊದಲನೆಯದು, ಮನೆ, ಅಡುಗೆ, ಹವ್ಯಾಸಗಳಲ್ಲಿ ಕಾಣುವ ದಿನನಿತ್ಯದ ಜಾಣ್ಮೆ ಎರಡನೆಯದು, ವೃತ್ತಿಪರರದು ಮೂರನೆಯದು, ಯುಗ ಬದಲಿಸುವ ಪ್ರತಿಭೆ ನಾಲ್ಕನೆಯದು. ಬೇಸಿಗೆಯ ಸುಖಗಳು ಮೊದಲೆರಡಕ್ಕೆ ಸೇರಿದವು.

ತೆಂಗಿನ ಗರಿಯ ಪೀಪಿಯನ್ನು ನೋಡಿ. ಹಸಿ ಗರಿಯ ಒಂದು ಎಲೆಯಿಂದ ಕಡ್ಡಿ ತೆಗೆದು, ಉಳಿದ ಪಟ್ಟಿಯನ್ನು ತುದಿಯಿಂದ ಓರೆಯಾಗಿ ಸುತ್ತುತ್ತಾ ಬಂದರೆ ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲವಾದ ಕೊಳವೆಯಾಗುತ್ತದೆ. ಬಿಚ್ಚಿಕೊಳ್ಳದಂತೆ ಕೊನೆಯ ಸುತ್ತಿಗೆ ಅದೇ ಕಡ್ಡಿಯ ಚೂರನ್ನು ಚುಚ್ಚಬೇಕು. ಕಿರಿದಾದ ಬಾಯಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಊದಿದರೆ ಅಂಚುಗಳು ಅದುರಿ ಸದ್ದು ಹೊರಡುತ್ತದೆ. ಸುತ್ತು ಸಡಿಲವಾದರೆ ಗಾಳಿ ಸೋರುತ್ತದೆ, ಹೆಚ್ಚು ಒತ್ತಿದರೆ ಊದಲಾಗದು, ಎಲೆ ಒಣಗಿದ್ದರೆ ಸೀಳುತ್ತದೆ. ಕಲಿಸುವ ಪುಸ್ತಕವಿಲ್ಲ, ಬೆರಳೇ ಕಲಿಯಬೇಕು. ಕೈಗೆ ಸಿಕ್ಕಿದ್ದರಲ್ಲೇ ಬೇಕಾದದ್ದನ್ನು ಮಾಡಿಕೊಳ್ಳುವ ಈ ಬುದ್ಧಿಯನ್ನು ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿಸ್ಟ್ರಾಸ್ 1962ರಲ್ಲಿ ಬ್ರಿಕೊಲಾಜ್ ಎಂದು ಕರೆದು, ಯೋಜನೆ ಮೊದಲು, ಸಾಮಗ್ರಿ ಆಮೇಲೆ ಎನ್ನುವ ಎಂಜಿನಿಯರನ ಬುದ್ಧಿಯಿಂದ ಬೇರ್ಪಡಿಸಿದ. ತಾಟಿನಿಂಗು ತಿಂದು ಉಳಿದ ಬುರುಡೆ ಗಾಡಿಯ ಚಕ್ರವಾಗುವುದು, ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿಗಳನ್ನು ಕಲ್ಲಿನ ಮೇಲೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿದರೆ ಚಿಗಳಿಯಾಗುವುದು ಇದೇ ಬುದ್ಧಿಯಿಂದ.

ಮಲೆನಾಡು, ಕರಾವಳಿಗಳಲ್ಲಿ ಇದೇ ಹೊತ್ತಿಗೆ ಹಲಸಿನ ಹಪ್ಪಳದ ಕಾಲ. ಬಲಿತ, ಆದರೆ ಹಣ್ಣಾಗದ ಕಾಯಿಯ ತೊಳೆಗಳನ್ನು ಬೇಯಿಸಿ, ಉಪ್ಪು, ಮೆಣಸು ಸೇರಿಸಿ ಕುಟ್ಟಿ, ಉಂಡೆ ಕಟ್ಟಿ ಒತ್ತುತ್ತಾರೆ. ಪ್ರತಿ ಮರದ ಕಾಯಿಯ ನೀರಿನ ಅಂಶ ಬೇರೆ. ಹಿಟ್ಟಿನ ಹದ ಕೈಗೆ ತಿಳಿಯಬೇಕೇ ಹೊರತು ಅಳತೆಗೆ ಸಿಗದು. ಮಕ್ಕಳಿಗೆ ಚಾಪೆಯ ಪಕ್ಕ ಕೂತು ಕಾಗೆ ಓಡಿಸುವ ಕೆಲಸ. ಕೂಲಿ, ಕೊಬ್ಬರಿ ಎಣ್ಣೆ ಹಚ್ಚಿದ ಒಂದು ಉಂಡೆ ಹಸಿ ಹಿಟ್ಟು. ಕಾಗೆ ಬಾರದ ಹೊತ್ತಿನಲ್ಲಿ ಅವರಿಗೆ ಮಾಡಲು ಏನೂ ಇರುವುದಿಲ್ಲ. ಬೇಜಾರಾಗುತ್ತದೆ.

ಈ ಬೇಜಾರಿನ ಪರವಾಗಿಯೂ ತತ್ತ್ವಜ್ಞರು ಮಾತಾಡಿದ್ದಾರೆ. ಬರ್ಟ್ರಂಡ್ ರಸೆಲ್ 1930ರ ‘ದಿ ಕಾಂಕ್ವೆಸ್ಟ್ ಆಫ್ ಹ್ಯಾಪಿನೆಸ್’ ಪುಸ್ತಕದಲ್ಲಿ ಬೇಸರಕ್ಕೇ ಒಂದು ಅಧ್ಯಾಯ ಮೀಸಲಿಟ್ಟು, ಏಕತಾನದ ದಿನಗಳನ್ನು ತಾಳಿಕೊಳ್ಳುವುದನ್ನು ಬಾಲ್ಯದಲ್ಲೇ ಕಲಿಯಬೇಕು, ಹೊರಗಿನಿಂದ ಬಂದು ಸುರಿಯುವ ಮನರಂಜನೆಗಿಂತ ಮಗು ತಾನೇ ಹುಡುಕಿಕೊಂಡ ಸಂತೋಷ ಮೇಲು ಎಂದು ವಾದಿಸಿದ. ಬಿಸಿಲು ಇಳಿಯುವವರೆಗೆ ಹೊರಗೆ ಹೋಗುವಂತಿಲ್ಲದ ಮಧ್ಯಾಹ್ನಗಳೇ ಚೌಕಾಬಾರ, ಅಳಗುಳಿಮಣೆಗಳನ್ನು ಜಗಲಿಗೆ ಇಳಿಸಿದವು. ಸೀಮೆಸುಣ್ಣದಲ್ಲಿ ಗೀಚಿದ ಇಪ್ಪತ್ತೈದು ಮನೆಗಳು, ಕವಡೆ ಇಲ್ಲದಿದ್ದರೆ ಒಂದು ಬದಿ ತೇಯ್ದ ಹುಣಸೆಬೀಜ, ಕಾಯಿಗಳಿಗೆ ಬಳೆಚೂರು. ಮೊಬೈಲು ಈ ಬೇಜಾರನ್ನು ಹುಟ್ಟುವ ಮೊದಲೇ ಮುಗಿಸುತ್ತದೆ ಎಂಬುದೇ ಅದರ ಮೇಲಿನ ನಿಜವಾದ ದೂರು; ಕಣ್ಣು ಹಾಳಾಗುತ್ತದೆ ಎಂಬುದು ಆಮೇಲಿನ ಮಾತು.

ಲೀಲೆಗೆ ಹೊರಗಿನ ಫಲ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಯೋಗವೂ ನಡೆದಿದೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ನೋಡಿದರೆ, ಪ್ರಶಸ್ತಿಯ ಆಸೆಯಿಂದ ಬಿಡಿಸಿದವರು ತಾವಾಗಿಯೇ ಚಿತ್ರ ಬಿಡಿಸುತ್ತಿದ್ದ ಸಮಯ ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ಬಹುಮಾನವೇ ವಿಷವಲ್ಲ, ಅದಕ್ಕಾಗಿಯೇ ಮಾಡುವಂತಾದಾಗ ಮಾಡುವ ಸುಖ ಸೋರಿಹೋಗುತ್ತದೆ.

ನಗರಗಳ ಬೇಸಿಗೆ ಶಿಬಿರಗಳನ್ನು ಈ ಅಳತೆಯಲ್ಲಿ ನೋಡಬೇಕು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಶಿಕ್ಷಣ ಪ್ರಯೋಗಗಳು, ಮೈಸೂರಿನ ರಂಗಾಯಣದ ಚಿನ್ನರ ಮೇಳ ಮುಂತಾದವು ಮಕ್ಕಳು ಕೂಡಿ ಆಡಿ ಕುಣಿಯಲು ಜಾಗ ಕೊಟ್ಟಿವೆ. ಬೀದಿಯಲ್ಲಿ ಆಡುವ ಜಾಗ ಕಳೆದುಕೊಂಡ ಊರುಗಳಿಗೆ ಅಂಥವು ಬೇಕೇ ಬೇಕು. ಆದರೆ ಬೆಳಿಗ್ಗೆ ಅಬಾಕಸ್, ಹನ್ನೊಂದಕ್ಕೆ ಕೀಬೋರ್ಡು, ಸಂಜೆ ಕರಾಟೆ, ಕೊನೆಯ ದಿನ ಪ್ರಮಾಣಪತ್ರ ಎಂಬ ವೇಳಾಪಟ್ಟಿ ರಜೆಯ ವೇಷ ಹಾಕಿದ ಶಾಲೆಯಷ್ಟೆ.

ಲೀಲೆಯ ತತ್ತ್ವಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ: ಆಡುವ ಬಿಡುವು ಎಲ್ಲರಿಗೂ ಸಿಗುವುದಿಲ್ಲ. ಶಂಕರ, ರಾಮಾನುಜರ ಭಾಷ್ಯಗಳಲ್ಲಿ ಆಡುವವನು ರಾಜ. ಅರಿಸ್ಟಾಟಲನ ಬಿಡುವು ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಹಲಸಿನ ಹಪ್ಪಳ ಕಾಗೆ ಓಡಿಸುವ ಮಕ್ಕಳಿಗೆ ಆಟವಾದರೆ, ಒಲೆಯ ಮುಂದೆ ಕೂತ ಹೆಂಗಸರಿಗೆ ಬೆನ್ನು ಮುರಿಯುವ ಕೆಲಸ. ರಜೆಯಲ್ಲಿ ಅಣ್ಣ ಲಗೋರಿಗೆ ಹೋದಾಗ ತಂಗಿ ಪಾತ್ರೆ ತೊಳೆಯುವ ಮನೆಗಳು ಈಗಲೂ ಇವೆ. ತಂದೆತಾಯಿಯೊಂದಿಗೆ ಇಟ್ಟಿಗೆಗೂಡಿಗೆ ಗುಳೆ ಹೋಗುವ ಮಕ್ಕಳಿಗೆ ಬೇಸಿಗೆ ಎಂದರೆ ರಜೆಯೇ ಅಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕೆಂದು ಸಾರಿದ್ದು ಮುಖ್ಯವಾಗುವುದು ಈ ಕಾರಣಕ್ಕೇ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು.

ದುಡಿಮೆಯನ್ನೂ ಆಟವನ್ನೂ ಎದುರುಬದುರು ನಿಲ್ಲಿಸಿದ್ದೇ ತೊಡಕಿನ ಮೂಲ ಎಂಬುದು ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿಯ ವಾದ. 1916ರ ‘ಡೆಮಾಕ್ರಸಿ ಅಂಡ್ ಎಜುಕೇಷನ್’ ಗ್ರಂಥದಲ್ಲಿ ಅವನು ಗೆರೆಯನ್ನು ಬೇರೆ ಕಡೆ ಎಳೆದ. ಗುರಿ ಹೊರಗಿನಿಂದ ಹೇರಿದ್ದಾದರೆ ಅದು ಜೀತದ ಚಾಕರಿ. ಕೆಲಸದೊಳಗೆ ಆಟದ ಮನೋಭಾವ ಉಳಿದಿದ್ದರೆ ಅದು ಕಲೆ. 1934ರ ಕಲಾಮೀಮಾಂಸೆಯ ಪುಸ್ತಕದಲ್ಲಿ ಅವನು ಕಲೆಯ ಬೇರನ್ನು ಹುಡುಕಿದ್ದು ಮ್ಯೂಸಿಯಮ್ಮಿನಲ್ಲಲ್ಲ, ಗಿಡಗಳಿಗೆ ಆರೈಕೆ ಮಾಡುವ ಗೃಹಿಣಿಯ ಸಂತೋಷದಲ್ಲಿ, ಒಲೆಯ ಕೊಳ್ಳಿಯನ್ನು ಕೆದಕುವವನ ಉತ್ಸಾಹದಲ್ಲಿ. ಈ ದೃಷ್ಟಿಯಲ್ಲಿ ಹಪ್ಪಳ ಒತ್ತುವುದು ಲೀಲೆಯೋ ಚಾಕರಿಯೋ ಎಂಬುದು ಹಪ್ಪಳದಲ್ಲಿಲ್ಲ. ಹದವನ್ನು ಯಾರು ನಿರ್ಧರಿಸುತ್ತಾರೆ, ಎಷ್ಟು ಹೊತ್ತಿಗೆ ನಿಲ್ಲಿಸಬಹುದು, ಮಣೆಯ ಸುತ್ತ ಕೂತವರಲ್ಲಿ ಗಂಡಸರೂ ಇದ್ದಾರೆಯೇ, ಸಂಜೆ ಎಣಿಸುವುದು ಯಾರ ಲೆಕ್ಕಕ್ಕೆ ಎಂಬುದರಲ್ಲಿದೆ.